ವಿದ್ಯಾರ್ಥಿ ಹೋರಾಟದಿಂದ ವಿಶ್ವವಿದ್ಯಾಲಯದ ಪಾಠ ಬದಲಾಗುತ್ತದೆಯೇ?

ಖಂಡಿತ ಬದಲಾಗುತ್ತದೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ಕಾಲೇಜನ್ನೇ (ಈಗ ವಿಶ್ವವಿದ್ಯಾಲಯ) ನೋಡಿ.

1968ರ ನವೆಂಬರ್ 6ರಂದು ಅಲ್ಲಿನ ಕಪ್ಪು ವಿದ್ಯಾರ್ಥಿಗಳು ಮುಷ್ಕರ ಹೂಡಿದರು. ಲ್ಯಾಟಿನೋ, ಏಷ್ಯನ್ ಮೂಲದ ವಿದ್ಯಾರ್ಥಿಗಳ ಒಕ್ಕೂಟವೂ ಜೊತೆಗೂಡಿತು. ಒಟ್ಟು 15 ಬೇಡಿಕೆಗಳು. ತಮ್ಮ ಸಮುದಾಯಗಳ ಚರಿತ್ರೆಯನ್ನು ಕಲಿಸುವ ವಿಭಾಗ ಬೇಕು, ಕಾಲೇಜಿನ ಬಾಗಿಲು ತಮ್ಮವರಿಗೂ ತೆರೆಯಬೇಕು ಎಂಬುದೇ ಅವುಗಳ ತಿರುಳು. ಇದು ಬರೀ ಘೋಷಣೆಯಾಗಿರಲಿಲ್ಲ ಎಂಬುದನ್ನು ಗಮನಿಸಬೇಕು: ಮುಷ್ಕರಕ್ಕೂ ಮುಂಚೆಯೇ ವಿದ್ಯಾರ್ಥಿಗಳು ‘ಪ್ರಾಯೋಗಿಕ ಕಾಲೇಜು’ ಎಂಬ ಹೆಸರಿನಲ್ಲಿ ತಾವೇ ಕೋರ್ಸುಗಳನ್ನು ರೂಪಿಸಿ ನಡೆಸುತ್ತಿದ್ದರು. ನನ್ನ ಪ್ರಕಾರ ಅವರ ಬೇಡಿಕೆಗೆ ತೂಕ ಬಂದದ್ದೇ ಇದರಿಂದ.

ಡಿಸೆಂಬರ್ 2ರಂದು ಕಾಲೇಜಿನ ಹಂಗಾಮಿ ಅಧ್ಯಕ್ಷ ಎಸ್. ಐ. ಹಯಕಾವ ಪ್ರತಿಭಟನಾಕಾರರ ಟ್ರಕ್ ಹತ್ತಿ ಧ್ವನಿವರ್ಧಕದ ತಂತಿಯನ್ನೇ ಕಿತ್ತರು. ಪೊಲೀಸರು ನೂರಾರು ಜನರನ್ನು ಬಂಧಿಸಿದರು. ಜನವರಿಯಲ್ಲಿ ಅಧ್ಯಾಪಕರ ಸಂಘವೂ ಮುಷ್ಕರಕ್ಕಿಳಿಯಿತು.

ಮಾರ್ಚ್ 1969ರಲ್ಲಿ ಒಪ್ಪಂದವಾಗಿ, ಅದೇ ಸಂಸ್ಥೆಯೊಳಗೆ ಇಂಥ ಸಮುದಾಯಗಳ ಕುರಿತ ಜನಾಂಗೀಯ ಅಧ್ಯಯನಕ್ಕೆಂದೇ ಪ್ರತ್ಯೇಕ ಕಾಲೇಜು ಹುಟ್ಟಿತು. ಆ ದೇಶದಲ್ಲಿ ಅದೇ ಮೊದಲು. ಎಲ್ಲ ಬೇಡಿಕೆಗಳೂ ಈಡೇರಲಿಲ್ಲ, ನಿಜ. ಯಾರ ಅಮಾನತಿನಿಂದ ಮುಷ್ಕರದ ಕಿಡಿ ಹೊತ್ತಿತೋ ಆ ಅಧ್ಯಾಪಕ ಜಾರ್ಜ್ ಮರ್‍ರೇ ಕೆಲಸಕ್ಕೆ ಮರಳಲಿಲ್ಲ. ಆದರೆ ಜನಾಂಗೀಯ ಅಧ್ಯಯನದ ಆ ಕಾಲೇಜು ಇಂದಿಗೂ ಪಾಠ ನಡೆಸುತ್ತಿದೆ.