ಅಳು ಬರುವ ಚಳಿಗಾಲ, ಒಬ್ಬರೇ ಹೋದ ಒಂದು ಶನಿವಾರ

(ನಾನು ಆಪ್ತ ಸಮಾಲೋಚಕಿ. ಇದು ನನ್ನ ಹತ್ತಿರ ಮಾತಾಡಲು ಬಂದ ಒಬ್ಬರ ಕಥೆ. ಹೆಸರು, ವಯಸ್ಸು, ಗುರುತು ಸಿಗುವ ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಸುಮಾ ಅಂತ ಕರೆಯೋಣ. ತೀರ್ಥಹಳ್ಳಿ ಕಡೆಯವರು, ವಯಸ್ಸು 32. ಊರಲ್ಲಿ ಟೀಚರ್ ಆಗಿದ್ದರು. ಗಂಡನ ಕೆಲಸಕ್ಕಾಗಿ ಎರಡು ವರ್ಷದ ಹಿಂದೆ ಜರ್ಮನಿಯ ಮನ್‌ಹೈಮ್‌ಗೆ ಹೋದರು, ಈಗ ಮೂರು ವರ್ಷದ ಮಗುವಿನ ಜೊತೆ ದಿನವಿಡೀ ಮನೆಯಲ್ಲೇ. ಡಿಸೆಂಬರ್‌ನಲ್ಲಿ ಮೊದಲ ಸಲ ವಿಡಿಯೊ ಕಾಲ್‌ನಲ್ಲಿ ಸಿಕ್ಕಾಗ ಅಲ್ಲಿ ಸಂಜೆ ಐದೂವರೆ, ಕಿಟಕಿಯಾಚೆ ಪೂರ್ತಿ ಕತ್ತಲೆ. "ತೊಂದರೆ ಏನಿಲ್ಲ ಮೇಡಂ, ಸುಮ್ನೆ ಅಳು ಬರುತ್ತೆ" ಅಂದರು.

ನಿದ್ದೆ, ಊಟ ವಿಚಾರಿಸಿದೆ. ಸಾಯಬೇಕು ಅನ್ನಿಸುತ್ತಾ ಅಂತಲೂ ನೇರವಾಗಿ ಕೇಳಿದೆ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಅಂತ ಜನ ಹೆದರುತ್ತಾರೆ, ಹಾಗೇನೂ ಆಗಲ್ಲ. ಅಂಥದ್ದು ಇರಲಿಲ್ಲ. ಇದ್ದಿದ್ದರೆ ಮುಂದೆ ಹೇಳುವ ಪ್ರವಾಸದ ಮಾತೇ ಎತ್ತುತ್ತಿರಲಿಲ್ಲ, ಅವತ್ತೇ ಡಾಕ್ಟರ್ ಹತ್ತಿರ ಕಳಿಸುತ್ತಿದ್ದೆ. ಆದರೂ ಥೈರಾಯ್ಡ್, ವಿಟಮಿನ್ ಡಿ ಪರೀಕ್ಷೆ ಮಾಡಿಸಿ ಅಂದೆ. ವಿಟಮಿನ್ ಡಿ ಕಡಿಮೆ ಇತ್ತು, ಮಾತ್ರೆ ಶುರುವಾಯಿತು.

ಹೊರಗೆ ಹೋಗ್ತೀರಾ ಅಂತ ಕೇಳಿದೆ. "ಹೈಡೆಲ್‌ಬರ್ಗ್‌ಗೆ ಹೋಗಿದ್ವಿ, ಎಲ್ಲ ನೋಡಾಯ್ತು" ಅಂದರು. ಮನ್‌ಹೈಮ್ ಹತ್ತಿರದ, ಕೋಟೆಗೆ ಹೆಸರಾದ ಹಳೇ ಊರು ಅದು. ಏನು ನೆನಪಿದೆ? ಸ್ವಲ್ಪ ಹೊತ್ತು ಸುಮ್ಮನಿದ್ದು, "ಡೈಪರ್ ಬದಲಿಸೋಕೆ ಜಾಗ ಹುಡುಕಿದ್ದು" ಅಂದರು. ಬೆಳಗ್ಗೆ ಐದಕ್ಕೆ ಎದ್ದು ಚಪಾತಿ, ಮೊಸರನ್ನ ಕಟ್ಟಿಕೊಂಡು, ಕಲ್ಲು ಹಾಸಿದ ಬೀದಿಯಲ್ಲಿ ಮಗುವಿನ ಗಾಡಿ ತಳ್ಳಿಕೊಂಡು, ಕೋಟೆ ಹತ್ತಿ, 2 ಲಕ್ಷ ಲೀಟರ್‌ಗೂ ಜಾಸ್ತಿ ಹಿಡಿಯುವ ಆ ಪ್ರಸಿದ್ಧ ವೈನ್ ಪೀಪಾಯಿಯ ಮುಂದೆ ಫೋಟೊ ತೆಗೆಸಿಕೊಂಡು, ಅದನ್ನು ಅತ್ತೆ ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕಿ ಬಂದಿದ್ದರು. ಎಷ್ಟು ಮನೆಗಳಲ್ಲಿ ಪ್ರವಾಸ ಅಂದರೆ ಹೆಣ್ಣುಮಕ್ಕಳಿಗೆ ಅಡುಗೆಮನೆಯನ್ನೇ ಹೊತ್ತುಕೊಂಡು ಹೋಗೋದು, ಅಲ್ವಾ? ನನಗೆ ಇದು ತುಂಬಾ ನೋವು ಕೊಡುವ ವಿಷಯ.

ಮಾರ್ಚ್‌ನಲ್ಲಿ ನಾನು ಕೊಟ್ಟ ಹೋಮ್‌ವರ್ಕ್ ಇದು: ಅದೇ ಊರಿಗೆ ಒಬ್ಬರೇ ಹೋಗಿ. ಕೋಟೆ ಬೇಡ. ಫೋಟೊ ಬೇಡ. ಹಿಂದಿನ ರಾತ್ರಿ ಅಡುಗೆ ಮಾಡಿಟ್ಟು ಹೋಗಬಾರದು. ಈ ಕೊನೆಯ ಮಾತಿಗೆ ಒಪ್ಪಿಸಲು ಎರಡು ಸೆಶನ್ ಬೇಕಾಯಿತು. ಗಂಡನದು "ಒಬ್ಬಳೇ ಯಾಕೆ, ಎಲ್ಲರೂ ಹೋಗೋಣ" ಅನ್ನುವ ಪ್ರೀತಿ. ಸುಮಾ ಒಪ್ಪಿದ ಮೇಲೆ ಗಂಡನ ಜೊತೆ ಇಪ್ಪತ್ತು ನಿಮಿಷ ಮಾತಾಡಿದೆ. ಅವರಿಗೆ ಅರ್ಥವಾಯಿತು.

ಮನ್‌ಹೈಮ್‌ನಿಂದ ರೈಲಿನಲ್ಲಿ ಇಪ್ಪತ್ತು ನಿಮಿಷದ ದಾರಿ. ನೆಕ್ಕರ್ ನದಿಯ ಹಳೇ ಸೇತುವೆ ದಾಟಿ, ಎದುರಿನ ಗುಡ್ಡಕ್ಕೆ ಹಾವಿನಂತೆ ಸುತ್ತಿ ಹತ್ತುವ ಕಡಿದಾದ ದಾರಿಯಲ್ಲಿ ನಿಂತು ನಿಂತು ಹೋಗಿ, ಮೇಲೆ ಫಿಲೊಸೊಫನ್‌ವೇಗ್ ಅನ್ನುವ ಕಾಲುದಾರಿಯ ಒಂದು ಬೆಂಚಿನ ಮೇಲೆ ಕೂತರಂತೆ. ಕೆಳಗೆ ನದಿ, ಆಚೆ ಕೆಂಪು ಕಲ್ಲಿನ ಮುರಿದ ಕೋಟೆ. ಈ ಸಲ ಅವರಿಗೆ ಹೇಳಲು ಬೇಕಾದಷ್ಟು ಇತ್ತು! 1784ರ ಹಿಮಗಡ್ಡೆಗಳ ಪ್ರವಾಹ ಅಲ್ಲಿ ಮೊದಲಿದ್ದ ಸೇತುವೆಯನ್ನು ಕೊಚ್ಚಿಕೊಂಡು ಹೋಗಿತ್ತು, ಈಗಿನ ಕಲ್ಲಿನ ಸೇತುವೆ 1788ರದ್ದು, 1945ರಲ್ಲಿ ಹಿಂದೆ ಸರಿಯುತ್ತಿದ್ದ ಜರ್ಮನ್ ಸೈನ್ಯವೇ ಅದನ್ನು ಸ್ಫೋಟಿಸಿತ್ತು, ಆಮೇಲೆ ಮತ್ತೆ ಕಟ್ಟಿದರು ಅಂತೆಲ್ಲ ಟೀಚರ್ ಥರ ನನಗೇ ಪಾಠ ಮಾಡಿದರು. ಪ್ರವಾಹದ ಮಾತು ಬಂದದ್ದೇ, ಮಳೆಗಾಲದಲ್ಲಿ ತೀರ್ಥಹಳ್ಳಿಯಲ್ಲಿ ತುಂಗೆ ಉಕ್ಕಿ ನದಿಯ ನಡುವಿನ ರಾಮ ಮಂಟಪ ಮುಳುಗುವಾಗ ನೋಡಲು ಅಪ್ಪ ಕರೆದುಕೊಂಡು ಹೋಗುತ್ತಿದ್ದದ್ದನ್ನು ಹೇಳಿದರು. ಬೆಂಚಿನ ಮೇಲೆ ತುಂಬಾ ಹೊತ್ತು ಅತ್ತರಂತೆ. "ಎರಡು ವರ್ಷದಲ್ಲಿ ಮೊದಲ ಸಲ ಯಾರೂ ನನ್ನ ಕರೀಲಿಲ್ಲ ಮೇಡಂ, ಅದಕ್ಕೇ ಅಳು ಬಂತು."

ನಾಲ್ಕು ದಿನ ಚೆನ್ನಾಗಿದ್ದರು. ಐದನೇ ದಿನ ಮತ್ತೆ ಹಾಸಿಗೆಯಿಂದ ಏಳಲಾಗಲಿಲ್ಲ. ಹಾಗಾದರೆ ಪ್ರತಿ ವಾರ ಹೋಗಿಬಿಡಲಾ ಅಂತ ಕೇಳಿದರು. ಬೇಡ ಅಂದೆ. ಒಂದು ಸುಂದರ ಊರಿಗಾಗಿ ಆರು ದಿನ ಕಾಯುವುದು ಶುರುವಾದರೆ ಆ ಆರು ದಿನ ಇನ್ನೂ ಭಾರವಾಗುತ್ತದೆ. ಬದಲಿಗೆ ನಕ್ಷೆ ತೆಗೆಯಿರಿ ಅಂದೆ. ಅದೇ ನೆಕ್ಕರ್ ಮನ್‌ಹೈಮ್‌ಗೂ ಬರುತ್ತದೆ, ಅಲ್ಲೇ ರೈನ್ ನದಿಯನ್ನು ಸೇರುತ್ತದೆ. "ತುಂಗೆ ಕೂಡ್ಲಿಯಲ್ಲಿ ಭದ್ರೆ ಸೇರೋ ಹಾಗಾ?" ಅಂದರು. ಹೌದು. ಅವರ ಮನೆಯಿಂದ ನದಿ ದಡಕ್ಕೆ ಹತ್ತು ನಿಮಿಷ. ಎರಡು ವರ್ಷದಲ್ಲಿ ಒಂದು ಸಲವೂ ಹೋಗಿರಲಿಲ್ಲ.

ದಿನಾ ಬೆಳಗ್ಗೆ ಬೆಳಕಿರುವಾಗ, ಮಗುವಿನ ಜೊತೆಗಾದರೂ ಸರಿ, ಅರ್ಧ ಗಂಟೆ ಅಲ್ಲಿ ನಡೆಯಿರಿ ಅಂದೆ. ಮನಸ್ಸು ಸರಿಯಾದ ಮೇಲೆ ಹೋಗೋಣ ಅಂತ ಕಾಯಬೇಡಿ. ಖಿನ್ನತೆಯಲ್ಲಿ ಕಾಲು ಮೊದಲು ಹೊರಡಬೇಕು, ಮನಸ್ಸು ಹಿಂದೆ ಬರುತ್ತದೆ. ಇದಕ್ಕೆ ನಮ್ಮಲ್ಲಿ ಬಿಹೇವಿಯರಲ್ ಆ್ಯಕ್ಟಿವೇಶನ್ ಅನ್ನುತ್ತೇವೆ. ಪೂರ್ತಿ ಒಂದು ದಿನ ತಿಂಗಳಿಗೊಮ್ಮೆ ಸಾಕು, ಆದರೆ ಅದನ್ನು ಕ್ಯಾಲೆಂಡರಿನಲ್ಲಿ ಗಂಡನ ಕೈಯಲ್ಲೇ ಬರೆಸಿ.

ಹೋದ ವಾರ ಏಳರಲ್ಲಿ ಐದು ದಿನ ನಡೆದಿದ್ದಾರೆ. ಅಳು ಕಡಿಮೆಯಾಗಿದೆ, ನಿಂತಿಲ್ಲ. ಜರ್ಮನ್ ಭಾಷೆಯ ಎ1 (ಮೊದಲ ಹಂತದ) ಪುಸ್ತಕ ತಂದಿಟ್ಟಿದ್ದಾರೆ, ಇನ್ನೂ ತೆರೆದಿಲ್ಲ. ಮುಂದಿನ ಸೆಶನ್‌ನಲ್ಲಿ ಅದರ ಬಗ್ಗೆ ಮಾತಾಡುತ್ತೇವೆ.