ಹೆಂಗಸಿನ ಹೃದಯ ಗಂಡಸಿಗೆ ಒಗ್ಗುತ್ತದೆಯೇ?

ಹಾವೇರಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ಯಜಮಾನರ ಹೆಸರು ಹೃದಯ ಕಸಿಯ ಪಟ್ಟಿಯಲ್ಲಿದೆ. ಹೆಂಗಸಿನ ಹೃದಯ ಗಂಡಸಿಗೆ ಒಗ್ಗಲ್ಲ, ಸಿಕ್ಕರೂ ಬೇಡ ಅನ್ನಿ ಅಂತಾರೆ ನೆಂಟರು. ಐಸಿನಲ್ಲಿ ತಂದ ಹೃದಯ ಮತ್ತೆ ಬಡಿಯುತ್ತಾ ಅನ್ನುವ ಭಯವೂ ಇದೆ."

ಅಮ್ಮಾ, ಬೇಡ ಅಂತ ಮಾತ್ರ ಹೇಳಬೇಡಿ. ಮನುಷ್ಯನಿಂದ ಮನುಷ್ಯನಿಗೆ ಆದ ಮೊದಲ ಹೃದಯ ಕಸಿಯಲ್ಲೇ ಹೆಂಗಸಿನ ಹೃದಯ ಗಂಡಸಿನ ಎದೆ ಸೇರಿತ್ತು. 1967ರ ಡಿಸೆಂಬರ್ 3, ಕೇಪ್‌ಟೌನ್. ಅಪಘಾತಕ್ಕೆ ಸಿಕ್ಕಿದ 25 ವರ್ಷದ ಡೆನಿಸ್ ಡಾರ್ವಲ್ ಅವರ ಹೃದಯವನ್ನು ಡಾ. ಕ್ರಿಸ್ಟಿಯಾನ್ ಬರ್ನಾರ್ಡ್ ಅವರು ಲೂಯಿಸ್ ವಾಶ್ಕಾನ್‌ಸ್ಕಿ ಅವರಿಗೆ ಜೋಡಿಸಿದರು. ವಾಶ್ಕಾನ್‌ಸ್ಕಿ 18 ದಿನ ಬದುಕಿದರು. ತೀರಿಕೊಂಡಿದ್ದು ನ್ಯುಮೋನಿಯಾದಿಂದ. ಆ ಹೃದಯ ಕೈಕೊಟ್ಟಿರಲಿಲ್ಲ.

ನೆಂಟರ ಮಾತಿಗೂ ಒಂದು ಬುಡ ಇದೆ. ಹೆಂಗಸರ ಹೃದಯ ಪಡೆದ ಗಂಡಸರ ಫಲಿತಾಂಶ ಸ್ವಲ್ಪ ಕಡಿಮೆ ಎಂದು ಹಲವು ಅಧ್ಯಯನಗಳು ಹೇಳಿದ್ದವು. ಕೆದಕಿ ನೋಡಿದರೆ ಕಂಡಿದ್ದು ಗಾತ್ರದ ವಿಷಯ. ಎತ್ತರ, ತೂಕ ಒಂದೇ ಇದ್ದರೂ ಹೆಂಗಸಿನ ಹೃದಯ ಸಾಮಾನ್ಯವಾಗಿ ಚಿಕ್ಕದು. ರೋಗಿಯ ಶ್ವಾಸಕೋಶದ ರಕ್ತದೊತ್ತಡ ಜಾಸ್ತಿ ಇದ್ದರೆ ಚಿಕ್ಕ ಹೃದಯದ ಬಲಭಾಗ ಸೋತುಹೋಗಬಹುದು. ಅದಕ್ಕೇ ಈಗ ಬರೀ ತೂಕ ನೋಡುವ ಬದಲು ವಯಸ್ಸು, ಲಿಂಗ, ಎತ್ತರ ಎಲ್ಲವನ್ನೂ ಸೇರಿಸಿ ಹೃದಯದ ತೂಕವನ್ನೇ ಅಂದಾಜು ಮಾಡುತ್ತಾರೆ. ಆ ಲೆಕ್ಕ ಹೊಂದಿದರೆ ಗಂಡು ಹೆಣ್ಣಿನ ಅಂತರ ಬಹುಪಾಲು ಕರಗುತ್ತದೆ. ಹೃದಯ ಪಡೆಯುವ ಹೆಂಗಸರಿಗೆ ಬೇರೆಯದೇ ತೊಡಕು: ಬಸಿರಿನಲ್ಲಿ ಹುಟ್ಟಿಕೊಂಡ ಪ್ರತಿಕಾಯಗಳಿಂದಾಗಿ (ಹೊರಗಿನ ಅಂಗದ ಮೇಲೆ ತಿರುಗಿಬೀಳುವ, ರಕ್ತದಲ್ಲಿನ ರಕ್ಷಕ ಅಂಶಗಳು) ಹೊಂದುವ ಹೃದಯ ಸಿಗುವುದೇ ಕಷ್ಟವಾಗಬಹುದು.

ಇನ್ನು ಐಸು. ಪೊಟ್ಯಾಸಿಯಂ ಇರುವ ತಣ್ಣನೆಯ ದ್ರಾವಣ ಹರಿಸಿ ಬಡಿತ ನಿಲ್ಲಿಸುತ್ತಾರೆ. ಒಂದರೊಳಗೊಂದು ಚೀಲದಲ್ಲಿ ಕಟ್ಟಿ ಐಸಿನಲ್ಲಿ ಹೂಳುತ್ತಾರೆ. ರಕ್ತ ಮತ್ತೆ ಹರಿಯುವವರೆಗೆ ಸುಮಾರು 4 ಗಂಟೆ ಮಾತ್ರ ಭರವಸೆ. ಆಂಬುಲೆನ್ಸಿಗೆ ಪೊಲೀಸರು ರಸ್ತೆ ಖಾಲಿ ಮಾಡಿಸುವುದು ಸುಮ್ನೆ ಅಲ್ಲ. ಐಸಿಗೆ ತಾಗಿದ ಕಡೆ ಮಾಂಸ ಅತಿಯಾಗಿ ತಣ್ಣಗಾಗಿ ಹಾಳಾಗುವ ಅಪಾಯವೂ ಉಂಟು. 4ರಿಂದ 8 ಡಿಗ್ರಿಯೊಳಗೇ ಕಾಯುವ ಪೆಟ್ಟಿಗೆಗಳು ಬಂದಿರುವುದು ಅದಕ್ಕೇ. ಇನ್ನೊಂದು ಯಂತ್ರ ಬೆಚ್ಚಗಿನ ರಕ್ತ ಹರಿಸಿ, ಹೃದಯ ಬಡಿಯುತ್ತಿರುವಾಗಲೇ ಸಾಗಿಸುತ್ತದೆ. ಅಮೆರಿಕ ಅದಕ್ಕೆ 2021ರಲ್ಲಿ ಒಪ್ಪಿಗೆ ಕೊಟ್ಟಿತು. ಆದರೆ ದಾರಿ ಹತ್ತಿರವಿದ್ದರೆ ಐಸಿನ ಪೆಟ್ಟಿಗೆಯನ್ನು ಕೀಳಾಗಿ ಕಾಣಬೇಡಿ. ದಶಕಗಳಿಂದ ಸಾವಿರಾರು ಹೃದಯಗಳು ಹಾಗೇ ಬಂದು ಬಡಿದಿವೆ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಎರಡೇ ಪ್ರಶ್ನೆ ಕೇಳಿ: ಇವರಿಗೆ ಎಷ್ಟು ದೊಡ್ಡ ಹೃದಯ ಬೇಕು? ಶ್ವಾಸಕೋಶದ ಒತ್ತಡ ಎಷ್ಟಿದೆ? ಉತ್ತರ ಬರೆದುಕೊಂಡು ಬಂದು ನೆಂಟರಿಗೂ ತೋರಿಸಿ.

— ಸಂಪಾದಕ