ಮನೆ ಮುಂದಿನ ರಸ್ತೆ ಯಾರ ಪಾಲು?

ಪ್ರಶ್ನೆ: ಬೆಂಗಳೂರಿನ ಬಡಾವಣೆಯೊಂದರಲ್ಲಿ 30–40ರ ನಿವೇಶನದಲ್ಲಿ ನಮ್ಮ ಸ್ವಂತ ಮನೆಯಿದೆ. ಕಾರಿಗೆಂದು ಕಟ್ಟಿಸಿದ್ದ ಜಾಗವನ್ನು ಹೊಲಿಗೆ ಅಂಗಡಿಗೆ ಬಾಡಿಗೆ ಕೊಟ್ಟಿರುವುದರಿಂದ ನಮ್ಮ ಕಾರು ಕಾಂಪೌಂಡಿನ ಪಕ್ಕ ರಸ್ತೆಯಲ್ಲೇ ನಿಲ್ಲುತ್ತಿತ್ತು. ಪಕ್ಕದ ಮನೆಯವರು ಎರಡನೆಯದಾಗಿ ಒಂದು ಚಿಕ್ಕ ಕಾರು ಕೊಂಡರು. ತಮ್ಮ ಮನೆ ಮುಂದೆ ಟ್ರಾನ್ಸ್‌ಫಾರ್ಮರ್ ಇದೆಯೆಂದು ಅದನ್ನು ನಮ್ಮ ಜಾಗದಲ್ಲಿ ತಂದು ನಿಲ್ಲಿಸುತ್ತಾರೆ. ನನ್ನ ಪತಿ ಸಿಟ್ಟಿನಿಂದ ಎರಡು ಸಿಮೆಂಟ್ ಕುಂಡಗಳನ್ನು ಮೂಲೆಯಲ್ಲಿಟ್ಟರು. ಅಂದಿನಿಂದ ಅವರು ಕುಂಡಗಳ ಮುಂದೆ ನಿಲ್ಲಿಸುತ್ತಿದ್ದು, ಕಾರಿನ ಮೂತಿ ನಮ್ಮ ಗೇಟಿಗೆ ಎರಡು ಮೂರು ಅಡಿ ಅಡ್ಡ ಬರುತ್ತಿದೆ. ಅತ್ತೆಯವರನ್ನು ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಕರೆದೊಯ್ಯುವಾಗ ಆಟೊ ಗೇಟಿನ ಹತ್ತಿರ ಬರಲಾಗುವುದಿಲ್ಲ. ಕಳೆದ ತಿಂಗಳು ಆ ಕಾರಿನ ಎರಡು ಬಾಗಿಲುಗಳ ಮೇಲೆ ಯಾರೋ ಗೀರು ಎಳೆದಿದ್ದರು. ಅವರು ನಮ್ಮನ್ನೇ ಅನುಮಾನಿಸಿದ್ದಕ್ಕೆ ಪತಿ ಬೀದಿಯಲ್ಲೇ ಜಗಳವಾಡಿದರು. ನಿಜ ಹೇಳಬೇಕೆಂದರೆ ಅದನ್ನು ಮಾಡಿದ್ದು ನಮ್ಮ 19 ವರ್ಷದ ಮಗ. ಅದು ನನಗೊಬ್ಬಳಿಗೇ ಗೊತ್ತು. ಈಗ ಪತಿ ಪೊಲೀಸರಿಗೆ ದೂರು ಕೊಡಲು ಹೊರಟಿದ್ದಾರೆ. ಹದಿನೈದು ವರ್ಷಗಳಿಂದ ಹಬ್ಬಕ್ಕೆ ಅರಿಶಿನ ಕುಂಕುಮಕ್ಕೆ ಹೋಗಿಬರುತ್ತಿದ್ದ ಮನೆ ಅದು. ನಾನೇನು ಮಾಡಲಿ?

ಉತ್ತರ: ಸಹೋದರಿ, ನಿಮ್ಮ ಪತ್ರದಲ್ಲಿ ಎರಡು ತಕರಾರುಗಳು ಬೆರೆತುಹೋಗಿವೆ. ಒಂದು ಕಾಂಪೌಂಡಿನ ಪಕ್ಕದ ಜಾಗದ್ದು, ಇನ್ನೊಂದು ಗೇಟಿನದು. ಮೊದಲನೆಯದರಲ್ಲಿ ನಿಮಗೆ ಹಕ್ಕಿಲ್ಲ, ಎರಡನೆಯದರಲ್ಲಿ ಪೂರ್ತಿ ಇದೆ. ಕಾಂಪೌಂಡಿನಿಂದ ಆಚೆಗಿರುವುದು ಸಾರ್ವಜನಿಕ ರಸ್ತೆ. ಎಷ್ಟು ವರ್ಷ ಅಲ್ಲಿ ನಿಮ್ಮ ಕಾರು ನಿಂತಿದ್ದರೂ, ಆ ಜಾಗವನ್ನು ನೀವೇ ದಿನಾ ಗುಡಿಸಿ ರಂಗೋಲಿ ಹಾಕಿದ್ದರೂ ಅದು ನಿಮ್ಮದಾಗುವುದಿಲ್ಲ. ನಗರಕ್ಕೆಂದು ರೂಪಿಸಲಾದ ‘ಪಾರ್ಕಿಂಗ್ ನೀತಿ 2.0’ ಕೂಡ ಮನೆ ಮುಂದಿನ ರಸ್ತೆಯನ್ನು ಮನೆಯವರಿಗೆ ಬಿಟ್ಟುಕೊಡುವುದಿಲ್ಲ. ವಾರ್ಷಿಕ ಶುಲ್ಕ ಕಟ್ಟಿ ಪರವಾನಗಿ ಪಡೆದು ನಿಲ್ಲಿಸುವ ವ್ಯವಸ್ಥೆಯನ್ನು ಅದು ಹೇಳುತ್ತದೆ. ಆದರೆ ಬೇರೊಬ್ಬರ ಮನೆಯ ಪ್ರವೇಶಕ್ಕೆ ಅಡ್ಡವಾಗಿ ವಾಹನ ನಿಲ್ಲಿಸುವುದು ಸಂಚಾರ ನಿಯಮಕ್ಕೆ ವಿರುದ್ಧ. ಅದರ ಮೇಲೆ ದೂರು ಕೊಟ್ಟರೆ ಪೊಲೀಸರು ದಂಡ ಹಾಕಬಹುದು, ವಾಹನವನ್ನು ತೆಗೆಸಲೂಬಹುದು. ನೀವು ಕೇಳಬೇಕಾದದ್ದು ಇದನ್ನು ಮಾತ್ರ.

ಈಗ ಅಳತೆಯ ಕಡೆ ನೋಡೋಣ. ನಿಮ್ಮ ನಿವೇಶನದ ಮುಖ 30 ಅಡಿಯದೆಂದು ಇಟ್ಟುಕೊಂಡರೆ, ಗೇಟಿಗೆ 12 ಅಡಿ ಬಿಟ್ಟರೂ 18 ಅಡಿಯ ಕಾಂಪೌಂಡ್ ಉಳಿಯುತ್ತದೆ. ತೆರಿಗೆ ಕಡಿಮೆ ಬೀಳುತ್ತದೆಂಬ ಕಾರಣಕ್ಕೆ ನಮ್ಮ ದೇಶದಲ್ಲಿ ಚಿಕ್ಕ ಕಾರುಗಳನ್ನು 4 ಮೀಟರಿನೊಳಗೆ, ಎಂದರೆ ಸುಮಾರು 13 ಅಡಿಯೊಳಗೆ ತಯಾರಿಸುತ್ತಾರೆ. 18 ಅಡಿಯಲ್ಲಿ 13 ಅಡಿಯ ಕಾರು ಗೇಟನ್ನು ಮುಟ್ಟದೆ ನಿಲ್ಲುತ್ತದೆ, ಇನ್ನೂ ಐದು ಅಡಿ ಮಿಗುತ್ತದೆ. ಹಾಗಿದ್ದರೂ ಅದರ ಮೂತಿ ಗೇಟಿಗೆ ಬರುತ್ತಿರುವುದು ಏಕೆಂದರೆ, ಹಿಂದಿನ ಏಳೆಂಟು ಅಡಿಯನ್ನು ನಿಮ್ಮ ಕುಂಡಗಳು ತಿಂದಿವೆ. ನಿಮ್ಮ ಅತ್ತೆಯವರ ಆಟೊಗೆ ಅಡ್ಡ ಬಂದಿರುವುದರಲ್ಲಿ ಪಕ್ಕದ ಮನೆಯವರ ಉದ್ಧಟತನ ಎಷ್ಟಿದೆಯೋ ನಿಮ್ಮ ಪತಿಯ ಕುಂಡಗಳ ಪಾಲೂ ಅಷ್ಟೇ ಇದೆ. ನಮ್ಮ ಬಡಾವಣೆಗಳಲ್ಲಿ ಪೇಂಟ್ ಡಬ್ಬಕ್ಕೆ ಕಾಂಕ್ರೀಟ್ ತುಂಬಿ ಪೈಪು ನೆಟ್ಟು ರಸ್ತೆ ಹಿಡಿಯುವುದು ಎಷ್ಟು ಸಾಮಾನ್ಯವಾಗಿದೆಯೆಂದರೆ, ಅದು ತಪ್ಪೆಂಬುದೇ ಜನರಿಗೆ ಮರೆತುಹೋಗಿದೆ. ಸಾರ್ವಜನಿಕ ದಾರಿಗೆ ಅಡ್ಡಿಯುಂಟುಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 285ನೇ ಸೆಕ್ಷನ್ ಪ್ರಕಾರ 5,000 ರೂಪಾಯಿಯವರೆಗೆ ದಂಡ ವಿಧಿಸಬಹುದು. ಆದ್ದರಿಂದ ಯಾರೊಂದಿಗೂ ಮಾತಾಡುವ ಮೊದಲು ಆ ಕುಂಡಗಳನ್ನು ಒಳಗೆ ತೆಗೆಸಿ.

ನಿಮ್ಮ ಪತಿ ಇಂದು ಠಾಣೆಗೆ ಹೋದರೆ ಏನಾಗುತ್ತದೆಂದು ಯೋಚಿಸಿ. ಪೊಲೀಸರು ಬಂದಾಗ ಪಕ್ಕದ ಮನೆಯವರೂ ಮೂರು ಮಾತು ಹೇಳುತ್ತಾರೆ: ರಸ್ತೆಯಲ್ಲಿರುವ ಕುಂಡ, ನಕ್ಷೆಯಲ್ಲಿ ಕಾರಿಗೆಂದು ತೋರಿಸಿದ್ದ ಜಾಗದಲ್ಲಿ ನಡೆಯುತ್ತಿರುವ ಹೊಲಿಗೆ ಅಂಗಡಿ, ಮತ್ತು ಗೀರು. ಮೊದಲೆರಡು ದಂಡ, ನೋಟಿಸುಗಳಲ್ಲಿ ಮುಗಿಯಬಹುದು. ಮೂರನೆಯದು ಬೇಕೆಂದೇ ಇನ್ನೊಬ್ಬರ ಸ್ವತ್ತನ್ನು ಹಾಳುಮಾಡಿದ ಅಪರಾಧ, ಮತ್ತು ನಿಮ್ಮ ಮಗ ವಯಸ್ಕ. ಬೀದಿಯ ಯಾವ ಮನೆಯ ಸಿಸಿಟಿವಿಯಲ್ಲಿ ಏನು ದಾಖಲಾಗಿದೆಯೋ ನಿಮಗೆ ತಿಳಿಯದು. ಪ್ರಕರಣವಾದರೆ ನಾಳೆ ಪಾಸ್‌ಪೋರ್ಟ್‌ಗೆ, ಕೆಲಸಕ್ಕೆ ಅರ್ಜಿ ಹಾಕುವಾಗ ಅವನು ಅದಕ್ಕೆ ಉತ್ತರ ಹೇಳಬೇಕಾಗುತ್ತದೆ. ಇದನ್ನು ನಿಮ್ಮನ್ನು ಹೆದರಿಸಲು ಬರೆಯುತ್ತಿಲ್ಲ. ನೀವೊಬ್ಬರೇ ಹೊತ್ತುಕೊಂಡಿರುವ ಈ ಗುಟ್ಟು ತಿಳಿಯದೆಯೇ ನಿಮ್ಮ ಪತಿ ಮಗನನ್ನು ತಾವೇ ಸಿಕ್ಕಿಸಲು ಹೊರಟಿದ್ದಾರೆ.

ಹಾಗಾಗಿ ದೂರು ಕೊಡುವ ಮುನ್ನವೇ ಅವರಿಗೆ ವಿಷಯ ಹೇಳಲೇಬೇಕು. ಅತ್ತೆಯವರ ಎದುರಿಗಾಗಲಿ, ಪತಿ ಕೆಲಸದಿಂದ ಬಂದು ಕಾರು ನಿಲ್ಲಿಸಲು ಪಕ್ಕದ ಕ್ರಾಸಿನವರೆಗೂ ಸುತ್ತಿ ಸುಸ್ತಾದ ಹೊತ್ತಿನಲ್ಲಾಗಲಿ ಬೇಡ. ಮೊದಲು ಮಗನಿಗೆ, ನಿಮಗೆ ತಿಳಿದಿದೆಯೆಂಬುದನ್ನು ಹೇಳಿ, ತಂದೆಗೆ ಅವನೇ ಹೇಳಲು ಒಂದೆರಡು ದಿನ ಕೊಡಿ. ಹೇಳದಿದ್ದರೆ ನೀವೇ ಹೇಳುವುದಾಗಿಯೂ ಸ್ಪಷ್ಟಪಡಿಸಿ. ಪತಿಗೆ ಸಿಟ್ಟು ಬರುತ್ತದೆ, ನಿಮ್ಮ ಮೇಲೂ ಬರುತ್ತದೆ. ಆದರೆ ತಂದೆ ದಿನಾ ಊಟಕ್ಕೆ ಕೂತಾಗ ಪಕ್ಕದ ಮನೆಯವರನ್ನು ಬೈಯುತ್ತಿದ್ದುದನ್ನು ಕೇಳಿಕೊಂಡೇ ಹುಡುಗ ಕೀಲಿಕೈ ಎತ್ತಿಕೊಂಡಿರಬಹುದು ಎಂಬುದನ್ನು ಅವರಿಗೆ ನೆನಪಿಸುವ ಧೈರ್ಯ ನಿಮಗಿರಲಿ.

ಆಮೇಲೆ ಮೂವರೂ ಸೇರಿ ಪಕ್ಕದ ಮನೆಗೆ ಹೋಗಿ. ಭಾನುವಾರ ಬೆಳಗಿನ ಹೊತ್ತು ಒಳ್ಳೆಯದು; ರಸ್ತೆಯಲ್ಲಿ ನಿಂತು ಮಾತಾಡಬೇಡಿ, ಬೀದಿಯವರೆಲ್ಲ ಕಿವಿಗೊಟ್ಟಿರುವಾಗ ಯಾರೂ ಸೋಲೊಪ್ಪುವುದಿಲ್ಲ. ಮಗ ಅವರ ಎದುರು ತನ್ನ ಬಾಯಿಂದಲೇ, ‘ಅಂಕಲ್, ಗೀರು ಹಾಕಿದ್ದು ನಾನು, ಸಿಟ್ಟಿನಲ್ಲಿ ಮಾಡಿಬಿಟ್ಟೆ, ಕ್ಷಮಿಸಿ’ ಎನ್ನಲಿ. ಪತಿ ಬೀದಿಯಲ್ಲಿ ಆಡಿದ ಮಾತಿಗಾಗಿ ವಿಷಾದ ಹೇಳಲಿ. ಎರಡು ಬಾಗಿಲುಗಳ ಪೇಂಟಿಂಗ್ ಖರ್ಚನ್ನು ಗ್ಯಾರೇಜಿನ ಬಿಲ್ ಪ್ರಕಾರ ನೀವು ಕೊಡುವುದಾಗಿ ಹೇಳಿ, ಅದನ್ನು ಮಗನ ಕೈಖರ್ಚಿನಿಂದ ತಿಂಗಳು ತಿಂಗಳು ಹಿಡಿದುಕೊಳ್ಳಿ. ಅವರು ನಾಲ್ಕು ಕಟುವಾದ ಮಾತಾಡಿದರೆ ಸುಮ್ಮನೆ ಕೇಳಿಸಿಕೊಳ್ಳುವುದೂ ಆ ಖರ್ಚಿನ ಒಂದು ಭಾಗವೆಂದುಕೊಳ್ಳಿ. ಗೇಟಿನ ವಿಷಯವನ್ನು ಇದರ ಜೊತೆ ಸೇರಿಸಬೇಡಿ. ಕ್ಷಮೆ ಕೇಳಲು ಹೋಗಿ ಅದೇ ಉಸಿರಿನಲ್ಲಿ ಷರತ್ತು ಹೇಳಿದರೆ ಕ್ಷಮೆಗೆ ಬೆಲೆ ಇರುವುದಿಲ್ಲ.

ಒಂದು ವಾರ ಬಿಟ್ಟು, ಕುಂಡ ತೆಗೆದ ಜಾಗದಲ್ಲಿ ಅವರ ಕಾರು ಹಿಂದೆ ಸರಿದು ನಿಲ್ಲುತ್ತದೆಯೇ ಎಂದು ನೋಡಿ. ಹೆಚ್ಚಿನಂಶ ಸರಿಯುತ್ತದೆ. ಇಲ್ಲದಿದ್ದರೆ ಆ ಮನೆಯ ಗೃಹಿಣಿಯ ಬಳಿ ನೀವೇ ಮಾತಾಡಿ. ಹದಿನೈದು ವರ್ಷದ ಬಳಕೆ ಇರುವುದು ನಿಮ್ಮಿಬ್ಬರ ನಡುವೆ. ಡಯಾಲಿಸಿಸ್‌ನ ದಿನ, ಹೊರಡುವ ಹೊತ್ತು, ವಾಪಸಾಗುವ ಹೊತ್ತನ್ನು ತಿಳಿಸಿ; ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗಿ ಬಂದವರಿಗೆ ಆಟೊದಿಂದ ಇಳಿದ ಮೇಲೆ ಹತ್ತು ಹೆಜ್ಜೆ ಎಷ್ಟು ದೂರವೆಂಬುದು ಅವರಿಗೂ ತಿಳಿಯುತ್ತದೆ. ‘ನಮ್ಮ ಜಾಗ’ ಎಂಬ ಮಾತನ್ನು ಮಾತ್ರ ಎತ್ತಬೇಡಿ.

ನಿಮ್ಮ ಕಾರಿನ ಪ್ರಶ್ನೆ ಆಗಲೂ ಉಳಿಯುತ್ತದೆ, ಅದಕ್ಕೆ ಪಕ್ಕದ ಮನೆಯವರು ಉತ್ತರ ಕೊಡಲಾರರು. ಅಂಗಡಿಯ ಕರಾರು ಮುಗಿದಾಗ ಆ ಜಾಗವನ್ನು ಮತ್ತೆ ಕಾರಿಗೆ ಬಿಟ್ಟುಕೊಳ್ಳುವುದೇ, ಅಥವಾ ಬಾಡಿಗೆಯ ಆಸೆಗೆ ಪಕ್ಕದ ಕ್ರಾಸಿನಿಂದ ನಡೆದು ಬರುವುದೇ ಎಂಬುದನ್ನು ಪತಿಯೊಂದಿಗೆ ಕೂತು ಲೆಕ್ಕ ಹಾಕಿ. ನನ್ನನ್ನು ಕೇಳಿದರೆ ಮೊದಲನೆಯದೇ ಸರಿ.

ಇಷ್ಟೆಲ್ಲ ಆದ ಮೇಲೂ ಅವರು ಹಟಕ್ಕೆ ಬಿದ್ದು ಗೇಟಿಗೆ ಅಡ್ಡ ನಿಲ್ಲಿಸಿದರೆ, ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಹಿರಿಯರೊಬ್ಬರನ್ನು ಜೊತೆಗಿಟ್ಟುಕೊಂಡು ಇನ್ನೊಮ್ಮೆ ಹೇಳಿ ನೋಡಿ. ಆಗಲೂ ಆಗದಿದ್ದರೆ ಗೇಟು ಮತ್ತು ನಂಬರ್ ಪ್ಲೇಟ್ ಎರಡೂ ಕಾಣುವಂತೆ ಫೋಟೊ ತೆಗೆದು ಸಂಚಾರ ಪೊಲೀಸರಿಗೆ ದೂರು ಕೊಡಿ. ಅತ್ತೆಯವರನ್ನು ತುರ್ತಾಗಿ ಆಸ್ಪತ್ರೆಗೆ ಸಾಗಿಸಬೇಕಾದಾಗ ದಾರಿ ಕಟ್ಟಿದ್ದರೆ 112ಕ್ಕೆ ಕರೆ ಮಾಡಿ. ಆ ಹೊತ್ತಿಗೆ ನಿಮ್ಮ ಕುಂಡ ಒಳಗಿರುತ್ತದೆ, ಗೀರಿನ ಬಿಲ್ ಪಾವತಿಯಾಗಿರುತ್ತದೆ. ದೂರಿನಲ್ಲಿ ಬರೆಯುವುದಕ್ಕೆ ಗೇಟಿನ ವಿಷಯವೊಂದೇ ಇರುತ್ತದೆ.